ಓದುಗರ ಪ್ರಶ್ನೆ: ಬ್ಯಾಟರಿ ಪಂಪಿಗೆ ಯಾವ ನಾಜಲ್, ಯಾವ ಬ್ಯಾಟರಿ?

ಪ್ರಶ್ನೆ (ಜೇವರ್ಗಿ ತಾಲೂಕು): ತೊಗರಿಗೆ ಎಣ್ಣಿ ಹೊಡಿಯೋ 16 ಲೀಟರ್ ಪಂಪ್ ಅದ. ಬ್ಯಾಟರಿ 12 ವೋಲ್ಟ್, 8 ಆಂಪಿಯರ್-ಅವರ್. ನಾಲ್ಕು ತೂತಿನ ನಾಜಲ್ ಹಾಕಿದ ಮ್ಯಾಲ ಕೆಲಸ ಜಲ್ದಿ ಆಗ್ತದ. ಆದ್ರ ಏಳೆಂಟು ಪಂಪಿಗೇ ಚಾರ್ಜ್ ಇಳೀತದ, ಹನಿನೂ ದಪ್ಪ ಬೀಳ್ತಾವ. ಬ್ಯಾಟರಿ ಬದ್ಲಿ ಮಾಡ್ಬೇಕೇನ್ರಿ?

ಉತ್ತರ: ಮೊದಲು ನಾಜಲ್ ಬದಲಿಸಿ. ತೂತು ಹೆಚ್ಚಾದಷ್ಟೂ ನೀರು ಹೆಚ್ಚು ಹೋಗುತ್ತದೆ, ಒತ್ತಡ ನಿಲ್ಲುವುದಿಲ್ಲ. ದಪ್ಪ ಹನಿ ಎಲೆಯಿಂದ ಜಾರಿ ನೆಲ ಸೇರುತ್ತದೆ, ಹೂವು-ಕಾಯಿಯ ನಡುವಿನ ಹುಳಕ್ಕೆ ಎಣ್ಣೆ (ಕೀಟನಾಶಕ) ತಾಗುವುದೇ ಇಲ್ಲ. ಪರೀಕ್ಷೆ ಸುಲಭ. ನಾಜಲ್ ಬಿಚ್ಚಿ ಒಂದು ನಿಮಿಷ ಬಕೆಟ್‌ಗೆ ನೀರು ಬಿಟ್ಟು ಅಳೆಯಿರಿ, ನಾಜಲ್ ಹಾಕಿ ಮತ್ತೆ ಅಳೆಯಿರಿ. ಎರಡನೆಯದು ಮೊದಲನೆಯದಕ್ಕಿಂತ ಸಾಕಷ್ಟು ಕಡಿಮೆ ಇರಲಿ. ಕೀಟನಾಶಕಕ್ಕೆ ಒಂದು ತೂತಿನ ಹಾಲೋ ಕೋನ್ (ನಡುವೆ ಟೊಳ್ಳಾದ ಶಂಕುವಿನಂತೆ ಸಣ್ಣ ಹನಿ ಚಿಮ್ಮುವ) ನಾಜಲ್ ಸಾಕು. ತೀರಾ ಸಣ್ಣ ತೂತೂ ಬೇಡ: ಒತ್ತಡ ಏರಿ ಪ್ರೆಶರ್ ಸ್ವಿಚ್ ಕ್ಷಣಕ್ಷಣಕ್ಕೂ ಟಕ್ ಟಕ್ ಎಂದು ಮೋಟಾರ್ ನಿಲ್ಲಿಸಿ ಹಚ್ಚುತ್ತದೆ, ಅದರ ಪಾಯಿಂಟು ಬೇಗ ಸುಡುತ್ತದೆ.

ಈಗ ಬ್ಯಾಟರಿ. ಮೈಮೇಲೆ ಬರೆದ 8 ಆಂಪಿಯರ್-ಅವರ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಎಂಬುದು ಇಪ್ಪತ್ತು ತಾಸು ನಿಧಾನವಾಗಿ, ಅಂದರೆ 0.4 ಆಂಪಿಯರ್‌ನಂತೆ ಬಳಸಿದಾಗಿನ ಲೆಕ್ಕ. ಮೋಟಾರ್ ಮೂರೂವರೆ ಆಂಪಿಯರ್ ಎಳೆದರೆ ಕೈಗೆ ಸಿಗುವುದು ಹೆಚ್ಚೂಕಡಿಮೆ ಐದೂವರೆ ಆಂಪಿಯರ್-ಅವರ್, ಅಂದರೆ ಸುಮಾರು ಒಂದೂವರೆ ತಾಸಿನ ಕೆಲಸ. ನಿಮಿಷಕ್ಕೆ 2 ಲೀಟರ್ ಹೋಗುವ ನಾಜಲ್ ಇದ್ದರೂ ಹನ್ನೊಂದು ಪಂಪು (16 ಲೀಟರಿನ ಟ್ಯಾಂಕು) ಬರಬೇಕಿತ್ತು. ಏಳೆಂಟಕ್ಕೇ ನಿಂತಿದೆ ಎಂದರೆ ಬ್ಯಾಟರಿ ಸವೆದಿದೆ, ಇಲ್ಲವೇ ಲಗ್ (ಬ್ಯಾಟರಿಗೆ ಸಿಕ್ಕಿಸುವ ವೈರಿನ ತುದಿಯ ಕ್ಲಿಪ್) ಸಡಿಲವಾಗಿದೆ. ಹತ್ತು ನಿಮಿಷ ಹೊಡೆದು ಲಗ್ ಮುಟ್ಟಿ ನೋಡಿ. ಬಿಸಿ ಇದ್ದರೆ, ಹಸಿರು ಕಿಲುಬು ಕಟ್ಟಿದ್ದರೆ ಕಳ್ಳ ಅಲ್ಲಿದ್ದಾನೆ. ಉಪ್ಪುಕಾಗದದಿಂದ ಉಜ್ಜಿ, ಇಕ್ಕಳದಿಂದ ಒತ್ತಿ ಬಿಗಿ ಮಾಡಿ. ಅದು ಸರಿಯಿದ್ದರೆ ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್ ತೆಗೆದು ನಾಲ್ಕು ತಾಸು ಬಿಟ್ಟು ಮೀಟರ್ ಹಿಡಿಯಿರಿ. 12.7 ವೋಲ್ಟ್ ಇದ್ದರೆ ಚೆನ್ನ. 12.4ಕ್ಕಿಂತ ಕಡಿಮೆ ಇದ್ದರೆ ಹೊಸದು ತನ್ನಿ.

ಪ್ರಶ್ನೆ (ಶಹಾಪುರ): ಹತ್ತಿಗೆ ಹೊಡಿಯೋ ಪಂಪಿಗೆ ಲಿಥಿಯಂ ಹಾಕಿದ್ರ ಹಳೇ ಚಾರ್ಜರೇ ನಡೀತದೇನ್ರಿ? ಇಲ್ಲಾ 12 ಆಂಪಿಯರ್‌ದು ಹಾಕ್ಲಿ?

ಉತ್ತರ: ಲಿಥಿಯಂನಲ್ಲಿ ಎರಡು ಬಗೆ. 11.1 ವೋಲ್ಟ್ ಎಂದು ಬರೆದ ಮೂರು ಸೆಲ್ಲಿನದು 12.6 ವೋಲ್ಟ್‌ಗೆ ತುಂಬುತ್ತದೆ. ಹಳೆಯ ಲೆಡ್ ಆಸಿಡ್ (ಸೀಸ-ಆಮ್ಲದ ಮಾಮೂಲಿ ಬ್ಯಾಟರಿ) ಚಾರ್ಜರ್ 14.4 ವೋಲ್ಟ್‌ವರೆಗೆ ಏರಿಸುವುದರಿಂದ ಅದಕ್ಕೆ ಖಂಡಿತ ಹಚ್ಚಬೇಡಿ, ಬೆಂಕಿಯ ಭಯವಿದೆ. ಬ್ಯಾಟರಿಯೊಳಗೆ ಚಾರ್ಜ್ ಮಿತಿ ಕಾಯುವ ಬಿಎಂಎಸ್ ಬೋರ್ಡ್ ಕಾಯುತ್ತದೆ ಎಂದು ಅಂಗಡಿಯವರು ಹೇಳಿದರೂ ಬೇಡ. 12.8 ವೋಲ್ಟ್‌ನ ಲಿಥಿಯಂ ಐರನ್ ಫಾಸ್ಫೇಟ್ 14.6ಕ್ಕೆ ತುಂಬುತ್ತದೆ, ಪಂಪಿಗೆ ಇದೇ ಮೇಲು. ಅದಕ್ಕೂ ಅದರದೇ ಚಾರ್ಜರ್ ಕೇಳಿ ತನ್ನಿ.

ಲೆಡ್ ಆಸಿಡ್‌ನಲ್ಲೇ 12 ಆಂಪಿಯರ್-ಅವರ್‌ದು ಬೇಕೆಂದರೆ ಮೊದಲು ಪಂಪಿನ ಬುಡದ ಡಬ್ಬಿ ಅಳೆಯಿರಿ. ಎರಡಕ್ಕೂ ಉದ್ದ 151 ಮಿಲಿಮೀಟರ್. ಆದರೆ 8ರದು 65 ಅಗಲ, 12ರದು 98. ಮೇಲಾಗಿ ಬೆನ್ನಿಗೆ ಒಂದು ಕಿಲೋಗಿಂತ ಹೆಚ್ಚು ಭಾರ. 1.7 ಆಂಪಿಯರ್ ಚಾರ್ಜರ್‌ಗೆ 8ರದು ತುಂಬಲು ಸುಮಾರು ಆರು ತಾಸು, 12ರದಕ್ಕೆ ಎಂಟೂವರೆ; ರಾತ್ರಿ ಕರೆಂಟ್ ಹೋಗಿ ಬರುವ ಊರಾದರೆ ಬೆಳಗಿಗೆ ಅರೆಬರೆ ತುಂಬಿದ ಬ್ಯಾಟರಿಯೇ ಗತಿ. ಹಳೆಯದಕ್ಕೆ ಹೊಸದನ್ನು ಜೋಡಿಸುವ ಉಪಾಯ ಬೇಡ. ಸಾಲಾಗಿ ಜೋಡಿಸಿದರಂತೂ 24 ವೋಲ್ಟ್ ಆಗಿ ಮೋಟಾರ್ ಸುಡುತ್ತದೆ.

ಪ್ರಶ್ನೆ (ಭಾಲ್ಕಿ): ಚಳಿಗಾಲಕ್ಕ ಇಟ್ಟ ಪಂಪು ಸೋಯಾ ಹಂಗಾಮಿಗೆ ತೆಗೆದ್ರ ಚಾಲೂನೇ ಆಗಲ್ಲ.

ಉತ್ತರ: ಖಾಲಿ ಇಟ್ಟ ಲೆಡ್ ಆಸಿಡ್ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಚಾರ್ಜ್ ಹಿಡಿಯುವುದಿಲ್ಲ. ನಮ್ಮ ಬೇಸಿಗೆಯಲ್ಲಿ ತಗಡಿನ ಶೆಡ್ಡಿನಲ್ಲಿಟ್ಟರೆ ಇನ್ನೂ ಬೇಗ. ಪೂರ್ತಿ ತುಂಬಿಸಿ, ವೈರ್ ಬಿಚ್ಚಿ, ಮನೆಯೊಳಗಿನ ತಂಪು ಮೂಲೆಯಲ್ಲಿಡಿ. ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಿ. ಲಿಥಿಯಂ ಆದರೆ ಅರ್ಧ ಚಾರ್ಜಿನಲ್ಲಿಡುವುದೇ ಒಳ್ಳೆಯದು. ಬ್ಯಾಟರಿ ಸರಿಯಿದ್ದೂ ಮೋಟಾರ್ ಗುಂಯ್ ಎಂದು ನಿಂತರೆ, ಒಳಗೆ ಔಷಧದ ಪುಡಿ ಒಣಗಿ ಡಯಾಫ್ರಾಮ್ (ನೀರು ಎಳೆದು ತಳ್ಳುವ ರಬ್ಬರ್ ಪೊರೆ) ಹಿಡಿದಿರುತ್ತದೆ: ಉಗುರುಬೆಚ್ಚನೆಯ ನೀರು ತುಂಬಿ ಒಂದು ರಾತ್ರಿ ಬಿಟ್ಟು, ಫಿಲ್ಟರ್ ತೊಳೆದು ಮತ್ತೆ ಹಚ್ಚಿ ನೋಡಿ.