ಚುಕ್ಕೆ ಹೋದರೆ ಕಾಯಿಲೆ ಹೋದಂತಲ್ಲ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ಮೂರು ಅಡಿಯ ಉಪ್ಪುನೀರಿನ ಟ್ಯಾಂಕ್. ವರ್ಷದಿಂದ ಇರುವ ಎರಡು ಕ್ಲೌನ್‌ಫಿಶ್, ಹೋದ ತಿಂಗಳು ತಂದು ಸೀದಾ ಟ್ಯಾಂಕಿಗೆ ಬಿಟ್ಟ ಒಂದು ಬ್ಲೂ ಟ್ಯಾಂಗ್. ಟ್ಯಾಂಗ್ ಮೈಮೇಲೆ ಪುಡಿ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ ಬಂದು, ನಾಲ್ಕು ದಿನದಲ್ಲಿ ತಾನಾಗೇ ಹೋಯಿತು. ಹತ್ತು ದಿನ ಬಿಟ್ಟು ಈಗ ಮೂರು ಪಟ್ಟು ಬಂದಿದೆ. ಒಂದು ಕ್ಲೌನ್ ಕೂಡ ಏದುಸಿರು ಬಿಡುತ್ತಿದೆ. ಅಂಗಡಿಯವರು ಹೀಟರ್ ಜಾಸ್ತಿ ಮಾಡಿ, ಒಂದು ಹಿಡಿ ಉಪ್ಪು ಹಾಕಿ ಅಂದಿದ್ದಾರೆ.

ಮೊದಲು ಅಂಗಡಿಯವರ ಮಾತು ಪಕ್ಕಕ್ಕಿಡಿ. ಅವರು ಹೇಳಿದ್ದು ಸಿಹಿನೀರಿನ ಮೀನಿನ ಮದ್ದು. ಈ ಬಿಳಿ ಚುಕ್ಕೆ ಕಾಯಿಲೆಗೆ ಇಕ್ ಅಂತಾರೆ. ಗೋಲ್ಡ್‌ಫಿಶ್‌ಗೆ ಬರುವ ಇಕ್ ಬೇರೆ, ನಿಮ್ಮ ಟ್ಯಾಂಗ್‌ಗೆ ಬಂದಿರುವ ಇಕ್ ಬೇರೆ. ಹೆಸರು ಒಂದೇ, ನೋಡಲೂ ಒಂದೇ ಥರ, ಆದರೆ ಜೀವಿ ಬೇರೆ. ಸಮುದ್ರದ್ದರ ಹೆಸರು ಕ್ರಿಪ್ಟೊಕ್ಯಾರಿಯನ್ ಇರಿಟಾನ್ಸ್. ಅದು ಹುಟ್ಟಿದ್ದೇ ಉಪ್ಪುನೀರಿನಲ್ಲಿ. ಅದಕ್ಕೆ ಇನ್ನೊಂದು ಹಿಡಿ ಉಪ್ಪು ಹಾಕಿದರೆ ಏನಾಗುತ್ತೆ ಹೇಳಿ? ಬಿಸಿ ಜಾಸ್ತಿ ಮಾಡಿದರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತೆ. ಮೊದಲೇ ಉಸಿರಿಗೆ ಒದ್ದಾಡುತ್ತಿರುವ ಮೀನಿಗೆ ಅದು ಬೇಡವೇ ಬೇಡ.

ಚುಕ್ಕೆ ಯಾಕೆ ಹೋಗಿ ಬಂತು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಆ ಪರಾವಲಂಬಿ ಮೀನಿನ ಚರ್ಮದ ಒಳಗೆ ಸೇರಿಕೊಂಡು ಮೂರರಿಂದ ಏಳು ದಿನ ತಿಂದು ದಪ್ಪಗಾಗುತ್ತೆ. ನಿಮಗೆ ಕಾಣುವ ಚುಕ್ಕೆ ಅದೇ. ಹೊಟ್ಟೆ ತುಂಬಿದ ಮೇಲೆ ಮೀನನ್ನು ಬಿಟ್ಟು ಕೆಳಗಿಳಿದು, ಕಲ್ಲಿಗೋ ಮರಳಿಗೋ ಗಾಜಿಗೋ ಅಂಟಿಕೊಂಡು ಸುತ್ತ ಗಟ್ಟಿ ಕೋಶ ಕಟ್ಟಿಕೊಳ್ಳುತ್ತೆ. ಆಗ ಮೀನಿನ ಮೈ ಹೊಸದಾಗಿ ಹೊಳೆಯುತ್ತೆ, ನಾವು ಖುಷಿಯಾಗುತ್ತೇವೆ. ಕೋಶದೊಳಗೆ ಒಂದು ನೂರಾರಾಗುತ್ತೆ. ಸಾಮಾನ್ಯವಾಗಿ ಮೂರು ದಿನದಿಂದ ನಾಲ್ಕು ವಾರದೊಳಗೆ, ಹೆಚ್ಚಾಗಿ ಕತ್ತಲಲ್ಲಿ, ಕೋಶ ಒಡೆದು ಮರಿಗಳು ಈಜಿ ಹೊರಬರುತ್ತವೆ. ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಅವು ಸಾಯುತ್ತವೆ. ಸಮುದ್ರದಲ್ಲಿ ಬಹಳಷ್ಟು ಹಾಗೇ ಸಾಯುತ್ತವೆ. ಮೂರು ಅಡಿಯ ಪೆಟ್ಟಿಗೆಯಲ್ಲಿ, ಮೀನುಗಳು ಕಲ್ಲಿನ ಸಂದಿಯಲ್ಲಿ ಮಲಗಿರುವ ಹೊತ್ತಿನಲ್ಲಿ, ಸಾಯುವುದು ಎಲ್ಲಿ ಬಂತು? ನಿಮ್ಮ ಟ್ಯಾಂಗ್ ಗುಣವಾಗಿರಲಿಲ್ಲ. ಅದು ನಡುವಿನ ವಿರಾಮ ಅಷ್ಟೇ.

ಇಲ್ಲಿಯವರೆಗೆ ಸುಲಭ. ನನಗೆ ದಿಗಿಲು ಹುಟ್ಟಿಸಿದ್ದು ಕ್ಲೌನ್‌ನ ಏದುಸಿರು.

ನಾನು ಈ ಪಾಠ ಕಲಿತದ್ದು ಒಂದು ಪೌಡರ್ ಬ್ಲೂ ಟ್ಯಾಂಗ್‌ನಿಂದ. ಶುಕ್ರವಾರ ತಂದೆ. ನನ್ನ ಕ್ವಾರಂಟೈನ್ ಟ್ಯಾಂಕ್‌ನಲ್ಲಿ ಅಮ್ಮ ಈರುಳ್ಳಿ ತುಂಬಿಟ್ಟಿದ್ದರು. ಒಂದು ಸಲ ತಾನೇ ಅಂತ ಸೀದಾ ದೊಡ್ಡ ಟ್ಯಾಂಕಿಗೆ ಬಿಟ್ಟೆ. ಭಾನುವಾರ ಅದು ಅಲೆ ಎಬ್ಬಿಸುವ ಪಂಪ್, ಅಂದರೆ ವೇವ್‌ಮೇಕರ್ ಎದುರು ನಿಂತು ರಭಸದ ನೀರಿಗೆ ಬಾಯಿ ಒಡ್ಡಿಕೊಂಡು ಈಜುತ್ತಿತ್ತು. ನೋಡಿ ಎಷ್ಟು ಚುರುಕು, ಆಟ ಆಡ್ತಿದೆ ಅಂತ ಮಗಳಿಗೆ ತೋರಿಸಿದೆ. ಅದು ಆಟ ಆಗಿರಲಿಲ್ಲ. ಕಿವಿರು ಕೆಲಸ ಮಾಡದ್ದಕ್ಕೆ ರಭಸದ ನೀರಿನಲ್ಲಿ ಉಸಿರು ಹುಡುಕುತ್ತಿತ್ತು. ಮೈಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಸೋಮವಾರ ರಾತ್ರಿ ಲೈಟ್ ಆರಿಸಿ, ಪಕ್ಕದಿಂದ ಓರೆಯಾಗಿ ಟಾರ್ಚ್ ಬಿಟ್ಟಾಗ ಕಂಡಿತು: ಪೇಡದ ಮೇಲಿನ ಸಕ್ಕರೆ ಪುಡಿಯ ಹಾಗೆ ಮೈತುಂಬಾ ನವಿರಾದ ಧೂಳು, ಸ್ವಲ್ಪ ಹೊಂಬಣ್ಣ. ಬುಧವಾರಕ್ಕೆ ಆರು ಮೀನಿನಲ್ಲಿ ಉಳಿದದ್ದು ಎರಡು.

ಅದು ವೆಲ್ವೆಟ್, ಅಂದರೆ ಅಮೈಲೂಡಿನಿಯಮ್ ಅನ್ನುವ ಇನ್ನೊಂದು ಪರಾವಲಂಬಿ. ಮೊದಲು ಕಿವಿರಿಗೇ ಕೈ ಹಾಕುತ್ತೆ, ಮೈಮೇಲೆ ಕಾಣುವ ಹೊತ್ತಿಗೆ ತಡವಾಗಿರುತ್ತೆ. ಇಕ್ ವಾರಗಟ್ಟಲೆ ಸತಾಯಿಸುತ್ತೆ, ವೆಲ್ವೆಟ್ ನಾಲ್ಕೈದು ದಿನದಲ್ಲಿ ಟ್ಯಾಂಕ್ ಖಾಲಿ ಮಾಡಬಲ್ಲದು. ಅದಕ್ಕೇ ಚುಕ್ಕೆ ಎಣಿಸುವ ಬದಲು ಉಸಿರು ಎಣಿಸಿ ಅಂತ ನಾನು ಎಲ್ಲರಿಗೂ ಹೇಳುವುದು. ಮೀನು ಆರೋಗ್ಯವಾಗಿದ್ದಾಗಲೇ ಫೋನಿನಲ್ಲಿ ಒಂದು ನಿಮಿಷ ಇಟ್ಟುಕೊಂಡು ಕಿವಿರಿನ ಮುಚ್ಚಳ ಎಷ್ಟು ಸಲ ಬಡಿಯುತ್ತೆ ಅಂತ ಬರೆದಿಡಿ. ಒಂದೊಂದು ಮೀನಿಗೆ ಒಂದೊಂದು ಲೆಕ್ಕ. ನಾಳೆ ಅದು ಒಂದೂವರೆ ಪಟ್ಟಾದರೆ ನಿಮಗೆ ಯಾರೂ ಹೇಳಬೇಕಾಗಿಲ್ಲ.

ಹಾಗಂತ ಏದುಸಿರೆಲ್ಲ ವೆಲ್ವೆಟ್ ಅಲ್ಲ. ಈಗಲೇ ಎದ್ದು ಅಮೋನಿಯಾ ಟೆಸ್ಟ್ ಮಾಡಿ. ಸೊನ್ನೆ ಬಿಟ್ಟು ಬೇರೆ ಏನೇ ಬಂದರೂ ಮೊದಲು ನೀರು ಬದಲಿಸಿ, ಕಾಯಿಲೆಯ ಮಾತು ಆಮೇಲೆ. ಹಾಗೇ ಗಾಳಿಗುಳ್ಳೆ ಬಿಡುವ ಒಂದು ಏರ್‌ಸ್ಟೋನ್ ಹಾಕಿ. ಕ್ಲೌನ್ ಮೈಯಿಂದ ಬಿಳಿ ಲೋಳೆ ಪದರ ಪದರವಾಗಿ ಕಳಚುತ್ತಿದೆಯಾ ನೋಡಿ. ಹಾಗಿದ್ದರೆ ಅದು ಬ್ರೂಕ್ಲಿನೆಲ್ಲ ಅನ್ನುವ ಬೇರೆ ಪರಾವಲಂಬಿ, ಅದಕ್ಕೆ ಫಾರ್ಮಲಿನ್ ಬೇಕು, ತಾಮ್ರದ ಮದ್ದು ತಾಗುವುದಿಲ್ಲ. ಆದರೆ ಅದು ಹೆಚ್ಚಾಗಿ ಆಗಷ್ಟೇ ಬಂದ ಕ್ಲೌನ್‌ಗಳಲ್ಲಿ ಬರುತ್ತೆ. ನಿಮ್ಮದು ವರ್ಷದ ಹಳೆಯದು.

ಇನ್ನೊಂದು ಪರೀಕ್ಷೆ ಸಿಹಿನೀರಿನ ಸ್ನಾನ. ಕಪ್ಪು ಬಕೆಟ್‌ನಲ್ಲಿ ಆರ್‌ಓ ನೀರು ತುಂಬಿ, ಟ್ಯಾಂಕಿನಷ್ಟೇ ಬೆಚ್ಚಗೆ ಮಾಡಿ. ಅಡುಗೆ ಸೋಡಾ ಹಾಕಿ ಪಿಎಚ್ ಸರಿ ಮಾಡಿಕೊಂಡು, ಒಂದು ಗಂಟೆ ಗಾಳಿ ಬಿಡಿ. ಆಮೇಲೆ ಮೀನನ್ನು ಐದು ನಿಮಿಷ ಬಿಡಿ. ಮೊದಲ ನಿಮಿಷ ಅದು ಬಿದ್ದುಕೊಂಡು ನಿಮ್ಮ ಎದೆ ಒಡೆಯುವ ಹಾಗೆ ಮಾಡುತ್ತೆ, ಹೆದರಬೇಡಿ. ತೀರಾ ಕೈಬಿಟ್ಟ ಹಾಗೆ ಕಂಡರೆ ಮಾತ್ರ ತಕ್ಷಣ ತೆಗೆಯಿರಿ. ಮೈಮೇಲೆ ಫ್ಲೂಕ್ ಹುಳು ಇದ್ದರೆ ಬಿಳಿ ಎಳ್ಳಿನ ಹಾಗೆ ತಳಕ್ಕೆ ಉದುರುತ್ತವೆ. ಉಪ್ಪುನೀರಿನಲ್ಲಿ ಅವು ಗಾಜಿನ ಹಾಗಿರುತ್ತವೆ, ಸಿಹಿನೀರು ತಾಗಿದ ಮೇಲೇ ಬೆಳ್ಳಗಾಗುವುದು. ಫ್ಲೂಕ್‌ಗೆ ಮದ್ದು ಪ್ರಾಜಿಕ್ವಾಂಟೆಲ್. ಇಕ್ ಚರ್ಮದ ಒಳಗಿರುವುದರಿಂದ ಈ ಸ್ನಾನಕ್ಕೆ ಜಗ್ಗುವುದಿಲ್ಲ. ಖಚಿತವಾಗಿ ತಿಳಿಯಬೇಕು ಅಂದರೆ ಸೂಕ್ಷ್ಮದರ್ಶಕವೇ ಬೇಕು. 1969ರಲ್ಲಿ ಶುರುವಾದ ಮೀನುಗಾರಿಕೆ ಕಾಲೇಜು ಮಂಗಳೂರಿನಲ್ಲಿದೆ, ನೀವು ಆ ಕಡೆಯವರಾದರೆ ಒಮ್ಮೆ ವಿಚಾರಿಸಿ ನೋಡಿ.

ನಿಮ್ಮ ಜಾಗದಲ್ಲಿದ್ದರೆ ನಾನೇನು ಮಾಡುತ್ತಿದ್ದೆ? ಅಮೋನಿಯಾ ಸೊನ್ನೆ, ಲೋಳೆ ಇಲ್ಲ ಅಂತಾದರೆ ಇವತ್ತೇ ಮೂರೂ ಮೀನನ್ನು ಬೇರೆ ಟಬ್‌ಗೆ ಹಾಕಿ ತಾಮ್ರದ ಮದ್ದು ಶುರು ಮಾಡುತ್ತಿದ್ದೆ. ಕಾರಣ ಸರಳ. ಇಕ್, ವೆಲ್ವೆಟ್ ಎರಡಕ್ಕೂ ಅದು ಆಗುತ್ತೆ, ಮತ್ತು ವೆಲ್ವೆಟ್ ಅಲ್ಲ ಅಂತ ಕಾದು ನೋಡುವಷ್ಟು ಪುರುಸೊತ್ತು ನಿಮಗಿಲ್ಲ. ತಾಮ್ರದ ಮದ್ದು ಎರಡು ಥರ: ಕಿಲೇಟೆಡ್ ಕಾಪರ್ ಆದರೆ 2ರಿಂದ 2.5 ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ), ಅಯಾನಿಕ್ ಆದರೆ ಸುಮಾರು 0.5. ಎರಡನ್ನೂ ಅದಲು ಬದಲು ಮಾಡಿಕೊಂಡರೆ ಒಂದೋ ಮೀನು ಸಾಯುತ್ತೆ, ಇಲ್ಲ ಪರಾವಲಂಬಿ ನಗುತ್ತೆ. ಬಾಟಲಿ ಓದಿ. ಆ ಮದ್ದಿಗೆ ಹೊಂದುವ ಟೆಸ್ಟ್ ಕಿಟ್ ಇಲ್ಲದೆ ಬಾಟಲಿ ತೆರೆಯಲೇ ಬೇಡಿ. ಮಟ್ಟವನ್ನು ಎರಡು ದಿನದಲ್ಲಿ ನಿಧಾನವಾಗಿ ಏರಿಸಿ, 30 ದಿನ ಇಳಿಯದ ಹಾಗೆ ನೋಡಿಕೊಳ್ಳಿ. ಅಮೋನಿಯಾ ಇಳಿಸುವ ದ್ರವಗಳನ್ನು ತಾಮ್ರದ ಜೊತೆ ಹಾಕಬೇಡಿ, ಕೆಲವು ಸೇರಿದರೆ ತಾಮ್ರ ಇನ್ನೂ ವಿಷವಾಗುತ್ತೆ. ದೊಡ್ಡ ಟ್ಯಾಂಕಿಗಂತೂ ಒಂದು ಹನಿಯೂ ಬೇಡ. ಸಿಗಡಿ, ಶಂಖ, ಹವಳ ಎಲ್ಲ ಸಾಯುತ್ತವೆ, ಕಲ್ಲು ತಾಮ್ರ ಹೀರಿಕೊಳ್ಳುತ್ತೆ.

ಇದು ಬರೀ ಇಕ್ ಅಂತ ಖಚಿತವಾದರೆ ಮದ್ದಿಲ್ಲದ ದಾರಿಯೂ ಇದೆ. ಟಬ್‌ನ ಉಪ್ಪನ್ನು, ನೀರಿನ ಸಾಪೇಕ್ಷ ಸಾಂದ್ರತೆಯ ಲೆಕ್ಕದಲ್ಲಿ, 1.025ರಿಂದ 1.009ಕ್ಕೆ ಎರಡು ದಿನದಲ್ಲಿ ಇಳಿಸಿ, ತಿಂಗಳು ಅಲ್ಲೇ ನಿಲ್ಲಿಸುವುದು. ಅಂಗಡಿಯವರು ಹೇಳಿದ್ದಕ್ಕೆ ಸರಿಯಾಗಿ ಉಲ್ಟಾ ಅಲ್ವಾ! ಮೀನು ತಡೆದುಕೊಳ್ಳುತ್ತೆ, ಇಕ್ ಒಡೆದು ಹೋಗುತ್ತೆ. ಉಪ್ಪಿನ ಮಟ್ಟ ಸರಿಯಾಗಿ ಅಳೆಯುವ ರಿಫ್ರ್ಯಾಕ್ಟೋಮೀಟರ್ ಇದ್ದರೆ ಮಾತ್ರ ಮಾಡಿ, ಮುಳ್ಳಿನ ಹೈಡ್ರೋಮೀಟರ್ ನಂಬಬೇಡಿ. ವೆಲ್ವೆಟ್‌ಗೆ ಇದು ನಾಟುವುದಿಲ್ಲ.

ಇನ್ನು ದೊಡ್ಡ ಟ್ಯಾಂಕ್. ಅದನ್ನು ಮೀನಿಲ್ಲದೆ 76 ದಿನ ಖಾಲಿ ಬಿಡಬೇಕು. ಹೌದು, ಎರಡೂವರೆ ತಿಂಗಳು. ಕೆಲವು ಕೋಶಗಳು ಅಷ್ಟು ತಡವಾಗಿ ಒಡೆಯುತ್ತವೆ, ಅದಕ್ಕೆ ಹವ್ಯಾಸಿಗಳು ಇಟ್ಟುಕೊಂಡಿರುವ ಲೆಕ್ಕ ಅದು. ಸಿಗಡಿ, ಶಂಖ ಅಲ್ಲೇ ಇರಲಿ, ದಿನಾ ಒಂದು ಚಿಟಿಕೆ ಆಹಾರ ಹಾಕಿ. ಖಾಲಿ ನೀರು ನೋಡಿಕೊಂಡು ಕೂರುವುದು ಬೇಜಾರೇ. ಐವತ್ತನೇ ದಿನ ಸಾಕು ಬಿಡು ಅನ್ನಿಸುತ್ತೆ. ನನಗೂ ಅನ್ನಿಸಿತ್ತು, ಮೀನು ಬಿಟ್ಟೆ, ಮತ್ತೆ ಮೊದಲಿಂದ ಎಣಿಸಿದೆ.

ಬೆಳ್ಳುಳ್ಳಿ ರಸದ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಊಟ ಬಿಟ್ಟ ಮೀನು ಅದರ ವಾಸನೆಗೆ ತಿನ್ನಬಹುದು, ಇಕ್ ಹೋಗುವುದಿಲ್ಲ. ಕ್ಲೀನರ್ ಸಿಗಡಿ ತಂದರೂ ಅಷ್ಟೇ. ಯುವಿ ಲೈಟ್ ಹಾವಳಿ ಕಡಿಮೆ ಮಾಡುತ್ತೆ, ಮುಗಿಸುವುದಿಲ್ಲ.

ಮುಂದೆ ಬರದ ಹಾಗೆ ಮಾಡುವುದಕ್ಕೆ ದುಬಾರಿ ಸಾಮಾನು ಬೇಡ. ಎರಡು ಅಡಿಯ ಟಬ್, ಸ್ಪಂಜ್ ಫಿಲ್ಟರ್, ಹೀಟರ್, ಮೀನು ಅವಿತುಕೊಳ್ಳಲು ಎರಡು ಪಿವಿಸಿ ಎಲ್ಬೋ, ಮೇಲೆ ಒಂದು ಜಾಲರಿ ಮುಚ್ಚಳ. ಕಲ್ಲು, ಮರಳು ಹಾಕಬೇಡಿ. ಆ ಸ್ಪಂಜನ್ನು ಮೊದಲೇ ಒಂದು ತಿಂಗಳು ದೊಡ್ಡ ಟ್ಯಾಂಕಿನ ಸಂಪ್‌ನಲ್ಲಿ (ನೀರು ಸೋಸುವ ಪಕ್ಕದ ತೊಟ್ಟಿಯಲ್ಲಿ) ಮುಳುಗಿಸಿಟ್ಟು ಬ್ಯಾಕ್ಟೀರಿಯಾ ಹಿಡಿಸಿ. ಇದನ್ನು ಮರೆತವರ ಮೀನು ಕಾಯಿಲೆಯಿಂದಲ್ಲ, ಕ್ವಾರಂಟೈನ್‌ನಲ್ಲಿ ಅಮೋನಿಯಾದಿಂದ ಸಾಯುತ್ತೆ. ಪ್ರತಿ ಹೊಸ ಮೀನೂ 30 ದಿನ ಅಲ್ಲಿರಬೇಕು. ಟಬ್ ಟ್ಯಾಂಕಿನಿಂದ ಹತ್ತಡಿ ದೂರ ಇರಲಿ, ವೆಲ್ವೆಟ್ ನೀರಿನ ಸಣ್ಣ ಹನಿಗಳಲ್ಲೂ ಹಾರಿ ಬರುತ್ತೆ. ಬಲೆ ಬೇರೆ, ಬಕೆಟ್ ಬೇರೆ. ದೊಡ್ಡ ಟ್ಯಾಂಕಿನ ಕೆಲಸ ಮುಗಿಸಿದ ಮೇಲೆ ಟಬ್ ಮುಟ್ಟಿ, ಉಲ್ಟಾ ಬೇಡ. ಹೊಸ ಶಂಖದ ಚಿಪ್ಪಿಗೂ ಕೋಶ ಅಂಟಿಕೊಂಡು ಬರಬಹುದು, ಅದನ್ನೂ ಮೀನಿಲ್ಲದ ಡಬ್ಬದಲ್ಲಿ 76 ದಿನ ಬೇರೆಯಾಗಿಡಿ.

ಕೇಳದೇ ಇದ್ದರೂ ಒಂದು ಮಾತು. ಬ್ಲೂ ಟ್ಯಾಂಗ್ 30 ಸೆಂಟಿಮೀಟರ್ ಬೆಳೆಯುತ್ತೆ, ನಿಮ್ಮ ಟ್ಯಾಂಕೇ ಮೂರು ಅಡಿ. ಇಕ್ಕಟ್ಟಿನಲ್ಲಿ ಬಳಲಿದ ಮೀನಿಗೆ ಎಲ್ಲ ಕಾಯಿಲೆಯೂ ಬೇಗ ಹಿಡಿಯುತ್ತೆ. 76 ದಿನ ಟೈಮ್ ಇದೆಯಲ್ಲ, ಅಷ್ಟರಲ್ಲಿ ಆರು ಅಡಿಯ ಟ್ಯಾಂಕ್ ಇರುವವರು ಯಾರಾದರೂ ಸಿಗುತ್ತಾರಾ ನೋಡಿ.

ಇವತ್ತು ರಾತ್ರಿ ಲೈಟ್ ಆರಿಸಿ ಹತ್ತು ನಿಮಿಷ ಬಿಟ್ಟು ಕ್ಲೌನ್ ಮೇಲೆ ಓರೆಯಾಗಿ ಟಾರ್ಚ್ ಬಿಡಿ. ಧೂಳೋ, ಕಾಳೋ, ಲೋಳೆಯೋ, ಏನು ಕಂಡರೂ ಫೋಟೊ ಹಾಕಿ. ನಾನು ಹನ್ನೊಂದರ ತನಕ ಎದ್ದಿರುತ್ತೇನೆ.