ಇಂಗ್ಲೆಂಡಿನ ಸ್ವೇಲ್‌ಡೇಲ್ ಗುಡ್ಡಗಳಲ್ಲಿ ಹುಲ್ಲೂ ಇಲ್ಲದ ಅಷ್ಟು ದೊಡ್ಡ ಕೊರಕಲುಗಳು ಯಾಕಿವೆ?

ನೋಡಿದರೆ ಮಳೆ ನೀರು ಕೊರೆದಿದ್ದು ಅನ್ನಿಸುತ್ತದೆ, ಅಲ್ವಾ? ಕೊರೆದಿದ್ದು ನೀರೇ, ಆದರೆ ಅದನ್ನು ಬಿಟ್ಟವರು ಮನುಷ್ಯರು. ಯಾರ್ಕ್‌ಶೈರಿನ ಈ ಕಣಿವೆಯಲ್ಲಿ, ಅದರಲ್ಲೂ ಗನ್ನರ್‌ಸೈಡ್ ಗಿಲ್ ಎಂಬ ಹಳ್ಳದ ಎರಡೂ ಬದಿ, ಹಿಂದೆ ಸೀಸದ ಗಣಿಗಾರಿಕೆ ಜೋರಾಗಿತ್ತು. ಗುಡ್ಡದ ಮೇಲೆ ಹುಲ್ಲು ಹೆಂಟೆಗಳಿಂದ ಕಟ್ಟೆ ಕಟ್ಟಿ, ನೀರು ತುಂಬಿಸಿ, ಒಮ್ಮೆಲೇ ಒಡೆದು ಬಿಡುತ್ತಿದ್ದರು. ನುಗ್ಗಿದ ರಭಸಕ್ಕೆ ಮಣ್ಣು, ಸಡಿಲ ಕಲ್ಲು ಎಲ್ಲ ಕೊಚ್ಚಿಹೋಗಿ ಕೆಳಗಿನ ಅದಿರಿನ ಪಟ್ಟೆ ಕಾಣಿಸುತ್ತಿತ್ತು. ಗೆಲೀನಾ ಅಂತ ಅದಿರು, ಮುರಿದರೆ ಬೆಳ್ಳಿ ಹಾಗೆ ಹೊಳೆಯುತ್ತದೆ, ಕೈಗೆ ಜಾಸ್ತಿ ಭಾರ. ಮತ್ತೆ ಅಗೆಯುವುದು, ಮತ್ತೆ ನೀರು ಬಿಡುವುದು. ಈ ಕೆಲಸಕ್ಕೂ ಉಳಿದ ಕೊರಕಲಿಗೂ ಅಲ್ಲಿ 'ಹಶ್' ಅಂತಲೇ ಹೆಸರು.

ಇನ್ನು ಹುಲ್ಲಿನ ವಿಷಯ. ಅದಿರು ಆರಿಸಿ ಬಿಸಾಡಿದ ಕಲ್ಲುಪುಡಿಯಲ್ಲಿ ಇನ್ನೂ ಸೀಸ ಇದೆ, ಅದು ಹೆಚ್ಚಿನ ಗಿಡಗಳಿಗೆ ಆಗಿಬರುವುದಿಲ್ಲ. ಸ್ಪ್ರಿಂಗ್ ಸ್ಯಾಂಡ್‌ವರ್ಟ್ ಎಂಬ ಪುಟ್ಟ ಬಿಳಿ ಹೂವಿನ ಗಿಡವಂತೂ ಅಲ್ಲೂ ಹಾಯಾಗಿ ಬೆಳೆಯುತ್ತದೆ. ಅದನ್ನು ಲೆಡ್‌ವರ್ಟ್ ಅಂತಲೂ ಕರೆಯುತ್ತಾರೆ, ಲೆಡ್ ಅಂದರೆ ಸೀಸ!

1880ರ ದಶಕದ ಹೊತ್ತಿಗೆ ಹೊರದೇಶಗಳ ಅಗ್ಗದ ಸೀಸ ಬಂದು ಬೆಲೆ ಬಿತ್ತು, ಗಣಿಗಳು ಒಂದೊಂದಾಗಿ ಮುಚ್ಚಿದವು. ಈಗ ಅಲ್ಲಿ ಕುರಿಗಳು ಮೇಯುತ್ತವೆ. ನೀವು ಹೋದರೆ ಕಾಲುದಾರಿ ಬಿಟ್ಟು ಸುಮ್ನೆ ಅಲೆಯಬೇಡಿ, ಹಳೇ ಗಣಿ ಗುಂಡಿಗಳಿವೆ.