ಸಿಗ್ನಲ್ ಸಾಗಿಸುವ ಕಿಣ್ವಗಳು ನಮ್ಮ ಜೀವಕೋಶದಲ್ಲಿ ಎಲ್ಲಿರುತ್ತವೆ?

ಒಂದು ಪುಸ್ತಕದಲ್ಲಿ ಕೋಶಪೊರೆ ಅಂತಿದೆ, ಇನ್ನೊಂದರಲ್ಲಿ ಕೋಶದ್ರವ್ಯ ಅಂತಿದೆ, ಯಾವುದು ಸರಿ ಅಂತ ಕೇಳಿದ್ದೀರಿ. ಎರಡೂ ಸರಿ. ಇವುಗಳಲ್ಲಿ ಹಲವು ಕಿಣ್ವಗಳು ಒಂದೇ ಕಡೆ ಕೂರುವುದಿಲ್ಲ.

ಬೆಳಗಾವಿಯವರಲ್ವಾ, ಈಗಷ್ಟೇ ಕುಂದಾ ತಿಂದಿರಿ ಅಂದುಕೊಳ್ಳಿ. ರಕ್ತದಲ್ಲಿ ಸಕ್ಕರೆ ಏರುತ್ತದೆ. ಇನ್ಸುಲಿನ್ ಬಂದು ಸ್ನಾಯುಕೋಶದ ಗ್ರಾಹಕಕ್ಕೆ, ಅಂದರೆ ಸಿಗ್ನಲ್ ಹಿಡಿಯುವ ಪ್ರೋಟೀನಿಗೆ, ಅಂಟುತ್ತದೆ. ಆ ಗ್ರಾಹಕವೇ ಒಂದು ಕಿಣ್ವ, ಟೈರೋಸಿನ್ ಕೈನೇಸ್ (ಕೈನೇಸ್ ಅಂದರೆ ಫಾಸ್ಫೇಟ್ ಸೇರಿಸುವ ಕಿಣ್ವ). ಅದು ಪೊರೆಯನ್ನು ದಾಟಿ ನಿಂತಿರುತ್ತದೆ: ಇನ್ಸುಲಿನ್ ಹಿಡಿಯುವ ಭಾಗ ಹೊರಗೆ, ಕೆಲಸ ಮಾಡುವ ಭಾಗ ಒಳಗೆ. ಅದು ಎಚ್ಚೆತ್ತ ಮೇಲೆ ಪಿಐ3 ಕೈನೇಸ್ ಎಂಬ ಇನ್ನೊಂದು ಕಿಣ್ವ ಪೊರೆಗೆ ಬಂದು, ಅಲ್ಲಿನ ಒಂದು ಬಗೆಯ ಕೊಬ್ಬಿಗೆ ಫಾಸ್ಫೇಟ್ ಸೇರಿಸುತ್ತದೆ. ಕೋಶದ್ರವ್ಯದಲ್ಲಿ ಸುಮ್ನೆ ಓಡಾಡಿಕೊಂಡಿದ್ದ ಎಕೆಟಿ ಕಿಣ್ವ ಆ ಕೊಬ್ಬಿಗೇ ಬಂದು ಅಂಟಿಕೊಳ್ಳುತ್ತದೆ, ಅಲ್ಲೇ ಚಾಲೂ ಆಗುತ್ತದೆ, ಆಮೇಲೆ ಮತ್ತೆ ಒಳಗೆ ಹೊರಡುತ್ತದೆ. ಅದರಿಂದಾಗಿ ಗ್ಲೂಟ್4 ಪ್ರೋಟೀನುಗಳು ಪೊರೆಗೆ ಬಂದು ಸಕ್ಕರೆಯನ್ನು ಒಳಗೆ ಬಿಡುತ್ತವೆ. ಸ್ವಲ್ಪ ಎಕೆಟಿ ಕೋಶಕೇಂದ್ರಕ್ಕೂ ಹೋಗಿ, ಕೆಲವು ಜೀನ್‌ಗಳ ಕೆಲಸ ತಗ್ಗಿಸುತ್ತದೆ. ಹಾಗಾದರೆ ಎಕೆಟಿಯ ವಿಳಾಸ ಯಾವುದು ಅಂತ ಬರೆಯುತ್ತೀರಿ?

ಉಳಿದ ಕಿಣ್ವಗಳೂ ಹೆಚ್ಚುಕಡಿಮೆ ಹೀಗೇ. ಇಆರ್‌ಕೆ ಚಾಲೂ ಆದ ಮೇಲೆ ಕೋಶಕೇಂದ್ರಕ್ಕೆ ಹೋಗುತ್ತದೆ. ಪಿಕೆಸಿ ಪೊರೆಯ ಕಡೆ ಬರುತ್ತದೆ. ಪಿಕೆಎ ಮಾತ್ರ ಬೇರೆ ಥರ: ಲಂಗರಿನಂಥ ಪ್ರೋಟೀನುಗಳು ಅದನ್ನು ಪೊರೆ, ಮೈಟೋಕಾಂಡ್ರಿಯಾ ಮುಂತಾದ ಕಡೆ ಹಿಡಿದಿಟ್ಟಿರುತ್ತವೆ. ಪಕ್ಕದಲ್ಲಿ ಯಾವ ಪ್ರೋಟೀನು ಇದೆಯೋ ಅದರ ಮೇಲೆ ಪಿಕೆಎ ಕೆಲಸ.

ಪರೀಕ್ಷೆಗಾದರೆ ಜಾಗದ ಜೊತೆಗೆ ಸಿಗ್ನಲ್ ಬರುವ ಮೊದಲೋ ಬಂದ ಮೇಲೋ ಅಂತಲೂ ಬರೆಯಿರಿ.